ಊರೊಳಗಿನ ಗೋಡೌನ್ ಹಿಡಿಯುವ ಮುನ್ನ

ಬೆಳಗಿನ ಜಾವ ಐದು ಗಂಟೆ. ಬೆಂಗಳೂರಿನ ಮಾಗಡಿ ರಸ್ತೆಗೆ ಅಂಟಿಕೊಂಡ ಕಾಮಾಕ್ಷಿಪಾಳ್ಯದ ಒಂದು ಅಡ್ಡರಸ್ತೆ. ಶಟರ್ ಅರ್ಧಕ್ಕೆ ಎದ್ದಿದೆ, ಒಳಗಿನ ಟ್ಯೂಬ್‌ಲೈಟಿನ ಬೆಳಕು ರಸ್ತೆಗೆ ಚೆಲ್ಲಿದೆ. ನೆಲಮಂಗಲದ ಕಡೆಯಿಂದ ಬಂದ ಹದಿನೇಳಡಿ ಐಷರ್ ಗಾಡಿ ರಿವರ್ಸ್ ಬರುತ್ತಿದೆ. ಕ್ಲೀನರ್ ಹುಡುಗ ‘ಬರ್ಲಿ, ಬರ್ಲಿ’ ಎನ್ನುತ್ತ ಗಾಡಿಯ ಮಗ್ಗುಲು ತಟ್ಟುತ್ತಿದ್ದಾನೆ. ಆರೂವರೆಯೊಳಗೆ ಗಾಡಿ ಖಾಲಿಯಾಗಬೇಕು. ಎಂಟರೊಳಗೆ ಪಾರ್ಸೆಲ್‌ಗಳು ಬಡಾವಣೆವಾರು ಬೇರೆಯಾಗಬೇಕು. ಒಂಬತ್ತಕ್ಕೆ ಹುಡುಗರು ಚೀಲ ತುಂಬಿಕೊಂಡು ಹೊರಟಿರಬೇಕು. ಹತ್ತು ಗಂಟೆಗೆ ಬಂದು ನೋಡಿದರೆ ಅದೇ ಗೋಡೌನ್ ಮುಕ್ಕಾಲು ಪಾಲು ಖಾಲಿ.

ಪಾರ್ಸೆಲ್ ಹಂಚುವ ಕೆಲಸದಲ್ಲಿ ನನಗೆ ಒಂಬತ್ತು ವರ್ಷವಾಯಿತು. ಹೊಸದಾಗಿ ಈ ಕೆಲಸಕ್ಕಿಳಿಯುವವರು ಫೋನ್ ಮಾಡಿದಾಗ ಮೊದಲು ಕೇಳುವ ಪ್ರಶ್ನೆ ಒಂದೇ: ‘ಆ ಏರಿಯಾದಲ್ಲಿ ಚದರಡಿಗೆ ಎಷ್ಟು ನಡೀತಿದೆ ಸಾರ್?’ ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ ಎಂದೇ ಹೇಳುತ್ತೇನೆ. ಇಂಥ ಗೋಡೌನಿಗೆ ಕೊಡುವ ಬಾಡಿಗೆಯಲ್ಲಿ ನಮಗೆ ನಿಜವಾಗಿ ಬೇಕಾದದ್ದು ಬೆಳಗಿನ ಐದರಿಂದ ಒಂಬತ್ತರವರೆಗಿನ ನಾಲ್ಕು ಗಂಟೆ. ಆ ನಾಲ್ಕು ಗಂಟೆ ಅಡೆತಡೆಯಿಲ್ಲದೆ ಸಿಗುತ್ತದೆಯೇ, ಸಿಗುತ್ತದೆ ಎಂದು ಕರಾರಿನಲ್ಲಿ ಬರೆದಿದೆಯೇ, ಆ ಕರಾರು ಕೋರ್ಟಿನಲ್ಲಿ ನಿಲ್ಲುತ್ತದೆಯೇ ಎಂಬ ಮೂರು ವಿಷಯ ತಿಳಿದ ಮೇಲೆ ಬಾಡಿಗೆಯ ಲೆಕ್ಕ ಹಾಕಿದರೆ ಸಾಕು.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಬೆಂಗಳೂರಿನಲ್ಲಿ ‘ಲೀಸ್‌ಗೆ ಮನೆ’ ಎಂದರೆ ಒಂದು ದೊಡ್ಡ ಮೊತ್ತವನ್ನು ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಹಣ ವಾಪಸ್ ಪಡೆಯುವ ಭೋಗ್ಯದ ಪದ್ಧತಿ. ಗೋಡೌನ್ ವಿಷಯದಲ್ಲಿ ಲೀಸ್ ಎಂದರೆ ಅದಲ್ಲ. ಇಷ್ಟು ವರ್ಷಕ್ಕೆ, ತಿಂಗಳಿಗೆ ಇಷ್ಟು ಬಾಡಿಗೆಗೆ ಜಾಗದ ಅನುಭೋಗ ಬಿಟ್ಟುಕೊಡುವ ಗುತ್ತಿಗೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 105ನೇ ಸೆಕ್ಷನ್ ಹೇಳುವುದು ಇದನ್ನೇ. ಬ್ರೋಕರ್ ಒಂದು ಅರ್ಥದಲ್ಲಿ, ಮಾಲೀಕರು ಇನ್ನೊಂದು ಅರ್ಥದಲ್ಲಿ ಈ ಪದ ಬಳಸಿ ಮಾತುಕತೆ ಮುರಿದುಬಿದ್ದದ್ದನ್ನು ನೋಡಿದ್ದೇನೆ.

ಹೊರಗೆ ಹೋದ ಗೋಡೌನು ಒಳಗೆ ಬಂದ ಬಗೆ

2017ರ ಜುಲೈ 1ಕ್ಕೆ ಮೊದಲು ರಾಜ್ಯದಿಂದ ರಾಜ್ಯಕ್ಕೆ ಮಾಲು ಮಾರಿದರೆ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. ಅದನ್ನು ತಪ್ಪಿಸಲು ಕಂಪನಿಗಳು ಪ್ರತಿ ರಾಜ್ಯದಲ್ಲೂ ಒಂದೊಂದು ಗೋಡೌನ್ ಇಟ್ಟು, ತಮ್ಮದೇ ದಾಸ್ತಾನನ್ನು ಅಲ್ಲಿಗೆ ಸಾಗಿಸಿ, ಅಲ್ಲಿಂದ ಮಾರುತ್ತಿದ್ದವು. ಜಿಎಸ್‌ಟಿ ಬಂದ ಮೇಲೆ ಆ ಕಾರಣ ಹೋಯಿತು. ಹತ್ತು ಸಣ್ಣ ಗೋಡೌನ್ ಮುಚ್ಚಿ ಒಂದು ದೊಡ್ಡದನ್ನು ಹೆದ್ದಾರಿ ಬದಿಯಲ್ಲಿ ಕಟ್ಟುವುದೇ ಲಾಭವಾಯಿತು. ಹೊಸಕೋಟೆ, ನೆಲಮಂಗಲ, ದಾಬಸ್‌ಪೇಟೆ, ಅತ್ತಿಬೆಲೆ ಸುತ್ತ ಕಣ್ಣು ಹಾಯಿಸಿದಷ್ಟು ದೂರ ಕಾಣುವ ನೀಲಿ ಛಾವಣಿಗಳು ಈ ಬದಲಾವಣೆಯ ಫಲ.

ಆದರೆ ಗಿರಾಕಿ ಇರುವುದು ಜಯನಗರದಲ್ಲಿ, ಬಿಟಿಎಂನಲ್ಲಿ, ರಾಜಾಜಿನಗರದಲ್ಲಿ. ಆನ್‌ಲೈನ್ ಮಾಲು ನಾಳೆಯೇ ಬೇಕು ಎಂಬ ಹಂತಕ್ಕೆ ಬಂತು, ಆಮೇಲೆ ಇಂದೇ ಬೇಕು, ಆಮೇಲೆ ಹತ್ತು ನಿಮಿಷದಲ್ಲಿ ಬೇಕು. 2020ರಲ್ಲಿ ಸ್ವಿಗ್ಗಿ ದಿನಸಿ ಸಾಮಾನನ್ನು ಬೇಗ ಮನೆಗೆ ಮುಟ್ಟಿಸುವ ತನ್ನ ಇನ್‌ಸ್ಟಾಮಾರ್ಟ್ ಶುರು ಮಾಡಿದ ಊರುಗಳಲ್ಲಿ ಬೆಂಗಳೂರೂ ಒಂದು. ಹೊಸಕೋಟೆಯಿಂದ ಹತ್ತು ನಿಮಿಷದಲ್ಲಿ ಎಲ್ಲಿಗೂ ಹೋಗಲಾಗದು. ಹಾಗಾಗಿ ಹೆದ್ದಾರಿಯ ದೊಡ್ಡ ಗೋಡೌನ್ ಇದ್ದಲ್ಲೇ ಇದೆ, ಅದರ ಮಾಲನ್ನು ಮನೆಬಾಗಿಲಿಗೆ ಮುಟ್ಟಿಸಲು ಎರಡು ಸಾವಿರ, ಮೂರು ಸಾವಿರ ಚದರಡಿಯ ಸಣ್ಣ ಗೋಡೌನುಗಳು ಊರೊಳಗೆ ಹುಟ್ಟಿಕೊಂಡವು. ಸಾಗಣೆಯವರು ಇದನ್ನು ‘ಕೊನೆ ಮೈಲಿ’ ಎನ್ನುತ್ತಾರೆ. ದೂರದಲ್ಲಿ ಚಿಕ್ಕದು, ಖರ್ಚಿನಲ್ಲಿ ದೊಡ್ಡದು. ಲಾರಿಯಲ್ಲಿ ಒಟ್ಟಿಗೆ ಬಂದ ಆರುನೂರು ಪಾರ್ಸೆಲ್ ಇಲ್ಲಿಂದ ಆರುನೂರು ಬಾಗಿಲಿಗೆ ಬೇರೆ ಬೇರೆಯಾಗಿ ಹೋಗಬೇಕಲ್ಲ.

ಚಿಕ್ಕಪೇಟೆ, ಅಕ್ಕಿಪೇಟೆಯ ಹಳೆಯ ವರ್ತಕರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಅಂಗಡಿಯ ಹಿಂದೆಯೇ ಗೋಡೌನ್ ಇಟ್ಟು ತಳ್ಳುಗಾಡಿಯಲ್ಲಿ ಮಾಲು ಕಳಿಸಿದ ಮನೆತನಗಳು ಅವು.

ದುಬಾರಿ ಬಾಡಿಗೆ ಅಗ್ಗವಾಗುವ ಲೆಕ್ಕ

ಇದನ್ನು ಅಂಕಿಯಲ್ಲೇ ನೋಡೋಣ. ಅಂಕಿಗಳು ನಾನು ಉದಾಹರಣೆಗೆ ಹಿಡಿದವು, ನಿಮ್ಮವನ್ನು ಹಾಕಿಕೊಂಡು ಮತ್ತೆ ಲೆಕ್ಕ ಮಾಡಿ.

ಊರೊಳಗೆ 3,000 ಚದರಡಿಗೆ ಚದರಡಿಗೆ 35 ರೂಪಾಯಿಯಂತೆ ತಿಂಗಳಿಗೆ 1,05,000. ಹನ್ನೆರಡು ಕಿಲೋಮೀಟರ್ ಹೊರಗೆ ಅಷ್ಟೇ ಜಾಗ 20 ರೂಪಾಯಿಯಂತೆ 60,000. ಉಳಿತಾಯ 45,000. ದಿನಕ್ಕೆ 600 ಪಾರ್ಸೆಲ್, ತಿಂಗಳಿಗೆ 26 ದಿನ ಎಂದರೆ 15,600 ಪಾರ್ಸೆಲ್. ಹೊರಗೆ ಹೋದರೆ ಪಾರ್ಸೆಲ್ ಒಂದಕ್ಕೆ ಉಳಿಯುವುದು 2 ರೂಪಾಯಿ 88 ಪೈಸೆ.

ಈಗ ಹುಡುಗರ ಕಡೆಯಿಂದ ನೋಡಿ. ಒಳಗಿನ ಗೋಡೌನಿನಿಂದ ಒಬ್ಬ ದಿನಕ್ಕೆ 40 ಪಾರ್ಸೆಲ್ ಕೊಟ್ಟುಬರುತ್ತಾನೆ, ಕೂಲಿ 900. ಪಾರ್ಸೆಲ್ಲಿಗೆ ಇಪ್ಪತ್ತೆರಡೂವರೆ ರೂಪಾಯಿ ಬಿತ್ತು. ಹೊರಗಿನಿಂದ ಹೊರಟರೆ ಹೋಗಿಬರಲು 24 ಕಿಲೋಮೀಟರ್ ಹೆಚ್ಚು, ಬೆಳಗಿನ ಟ್ರಾಫಿಕ್ಕಿನಲ್ಲಿ ಒಂದು ಗಂಟೆಗೂ ಮೇಲೆ. 40ರ ಜಾಗದಲ್ಲಿ 32 ಕೊಡುತ್ತಾನೆ. ಅದೇ 900 ಈಗ 32ಕ್ಕೆ ಹಂಚಿಹೋಗಿ ಪಾರ್ಸೆಲ್ಲಿಗೆ 28 ರೂಪಾಯಿ 12 ಪೈಸೆ. ಪೆಟ್ರೋಲ್ ಕಿಲೋಮೀಟರಿಗೆ 3 ರೂಪಾಯಿ ಹಿಡಿದರೆ ಇನ್ನೂ 2 ರೂಪಾಯಿ 25 ಪೈಸೆ. ಒಟ್ಟು ಹೆಚ್ಚಿದ್ದು ಸುಮಾರು 7 ರೂಪಾಯಿ 87 ಪೈಸೆ. ಎರಡು ರೂಪಾಯಿ ಚಿಲ್ಲರೆ ಉಳಿಸಲು ಹೋಗಿ ಏಳು ರೂಪಾಯಿ ಚಿಲ್ಲರೆ ಕಳೆದುಕೊಂಡಂತೆ.

ಇದೇ ಲೆಕ್ಕ ತಿರುಗುಮುರುಗಾಗುವ ಜಾಗವೂ ಒಂದಿದೆ. 45,000ವನ್ನು 7.87ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 5,720 ಪಾರ್ಸೆಲ್, ಅಂದರೆ ದಿನಕ್ಕೆ 220. ದಿನದ ಪಾರ್ಸೆಲ್ ಅದಕ್ಕಿಂತ ಕಡಿಮೆ ಇದ್ದರೆ ಹೊರಗಿನ ಗೋಡೌನೇ ಸರಿ, ಹೆಚ್ಚಿದ್ದರೆ ಒಳಗಿನದು. ನಿಮ್ಮ ಈ ಸಂಖ್ಯೆ ಗೊತ್ತಿಲ್ಲದೆ ಬ್ರೋಕರ್ ಜೊತೆ ಗಾಡಿ ಹತ್ತಬೇಡಿ.

ಜಾಗ ನೋಡುವುದು

ಬ್ರೋಕರ್ ಗೋಡೌನ್ ತೋರಿಸುವುದು ಮಧ್ಯಾಹ್ನ ಹನ್ನೊಂದರ ಮೇಲೆ. ಬೆಳಕು ಚೆನ್ನಾಗಿರುತ್ತದೆ, ರಸ್ತೆ ಖಾಲಿ ಇರುತ್ತದೆ. ನೋಡಿ ಬನ್ನಿ, ಆದರೆ ಮಾರನೆಯ ದಿನ ಬೆಳಗಿನ ಐದಕ್ಕೆ ಮತ್ತೆ ಒಬ್ಬರೇ ಹೋಗಿ. ರಾತ್ರಿಯಿಡೀ ರಸ್ತೆಯ ಎರಡೂ ಬದಿ ನಿಂತ ಕಾರುಗಳು ಆಗ ಕಣ್ಣಿಗೆ ಬೀಳುತ್ತವೆ. ಮೂವತ್ತಡಿ ರಸ್ತೆ ಎಂದು ಕಾಗದದಲ್ಲಿ ಇದ್ದದ್ದು ಆ ಹೊತ್ತಿನಲ್ಲಿ ಹದಿನಾಲ್ಕು ಅಡಿ. ಟಾಟಾ ಏಸ್ ಸಲೀಸಾಗಿ ತಿರುಗುತ್ತದೆ, ಹದಿನೇಳಡಿ ಗಾಡಿ ತಿರುಗುವುದಿಲ್ಲ. ಗಾಡಿ ತಿರುಗದಿದ್ದರೆ ಮುಖ್ಯರಸ್ತೆಯಲ್ಲೇ ನಿಲ್ಲಿಸಿ ತಲೆಯ ಮೇಲೆ ಹೊರಿಸಬೇಕು. ಹಮಾಲಿ ದುಪ್ಪಟ್ಟು, ಪೊಲೀಸರ ದಂಡ ಬೇರೆ. ನಾನು ಅಳತೆ ಟೇಪಿನ ಜೊತೆಗೆ ಒಂದು ಬಾಡಿಗೆ ಗಾಡಿಯನ್ನೇ ಕರೆದುಕೊಂಡು ಹೋಗಿ ಶಟರ್ ಮುಂದೆ ರಿವರ್ಸ್ ತೆಗೆಸುತ್ತೇನೆ. ಅದಕ್ಕಾಗುವ ಖರ್ಚು ಒಂದು ಅಡ್ವಾನ್ಸಿನ ಮುಂದೆ ಏನೂ ಅಲ್ಲ. ದೊಡ್ಡ ಗಾಡಿಗಳಿಗೆ ಊರೊಳಗೆ ಪ್ರವೇಶ ನಿಷೇಧಿಸಿದ ಹೊತ್ತು ಯಾವುದೆಂದು ಆ ಭಾಗದ ಸಂಚಾರ ಠಾಣೆಯಲ್ಲೇ ಕೇಳಿಕೊಳ್ಳಿ.

ಆಮೇಲೆ ಗೋಡೆ. ಒಳಗಿನ ಗೋಡೆಗೆ ಹೊಸ ಸುಣ್ಣ ಬಳಿದಿದ್ದರೆ ನಾನು ಮೊದಲು ಮೂಲೆಗೆ ಹೋಗಿ ಬಗ್ಗಿ ನೋಡುತ್ತೇನೆ. ಸುಂಕದಕಟ್ಟೆಯ ಹತ್ತಿರ ಒಂದು ಶೆಡ್ ನೋಡಿದಾಗ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಶಟರಿನ ಹಿಂಬದಿಗೆ ಮಾತ್ರ ಬಣ್ಣ ಹಾಕಿರಲಿಲ್ಲ. ನೆಲದಿಂದ ಒಂದು ಗೇಣು ಮೇಲೆ ಅಡ್ಡಕ್ಕೆ ಕಂದು ಗೆರೆ, ಅದರ ಕೆಳಗೆಲ್ಲ ತುಕ್ಕು, ಮೇಲೆ ಹೊಳೆಯುವ ತಗಡು. ಮಳೆನೀರು ಅಷ್ಟೆತ್ತರ ನಿಂತು ಹೋಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಹಿಂದಿನ ಓಣಿಯಲ್ಲಿ ಹೋಗಿ ಕೇಳಿದರೆ ರಾಜಕಾಲುವೆ ನೂರು ಹೆಜ್ಜೆ ದೂರದಲ್ಲಿತ್ತು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಬೆಳ್ಳಂದೂರು ಕಡೆ ಮಳೆನೀರು ನುಗ್ಗಿ ಏನಾಯಿತೆಂದು ಎಲ್ಲರೂ ನೋಡಿದ್ದೇವೆ. ರಟ್ಟಿನ ಡಬ್ಬಿಯಲ್ಲಿ ಬರುವ ಮಾಲಿಗೆ ಮೊಣಕಾಲುದ್ದ ನೀರು ಬೇಕಿಲ್ಲ, ಎರಡಂಗುಲ ಸಾಕು.

ಮೇಲಿನ ಮಹಡಿ ಅಗ್ಗಕ್ಕೆ ಸಿಗುತ್ತದೆ ಎಂದು ಆಸೆಪಡುವವರಿಗೆ ಒಂದು ಅಂಕಿ ನೆನಪಿಸುತ್ತೇನೆ. ಮನೆಗೆಂದು ಹಾಕಿದ ಆರ್‌ಸಿಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆಜಿಯಷ್ಟು ಭಾರಕ್ಕೆ ಲೆಕ್ಕಹಾಕಿರುತ್ತಾರೆ. ಮಾಲು ಪೇರಿಸುವ ನೆಲಕ್ಕೆ ಅದರ ಮೂರ‍್ನಾಲ್ಕು ಪಟ್ಟು ಬೇಕು. ಎಣ್ಣೆ, ಅಕ್ಕಿ, ನೀರಿನ ಕೇಸುಗಳನ್ನು ಮೂರು ಸಾಲು ಎತ್ತರ ಪೇರಿಸಿದರೆ ಮನೆಯ ನೆಲ ತಡೆಯುವುದಿಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರ ಲಿಖಿತ ಅಭಿಪ್ರಾಯ ಇಲ್ಲದೆ ಮಹಡಿ ಹಿಡಿಯುವುದು ಕೆಳಗಿರುವವರ ಜೀವದ ಜೊತೆ ಆಡಿದಂತೆ. ಇದನ್ನು ನಾನು ಮೆಲುದನಿಯಲ್ಲಿ ಹೇಳಲಾರೆ.

ವಿದ್ಯುತ್ತಿನದು ಇನ್ನೊಂದು ಕಥೆ. ಗೋಡೌನಿಗೆ ಲೈಟು, ಫ್ಯಾನು, ಒಂದು ಕಂಪ್ಯೂಟರ್ ಸಾಕು ಎಂಬ ಕಾಲ ಹೋಯಿತು. ಎಲೆಕ್ಟ್ರಿಕ್ ತ್ರಿಚಕ್ರ ಗಾಡಿಗಳು ಹತ್ತಿದ್ದರೆ, ಚಾರ್ಜರ್ ಒಂದಕ್ಕೆ 3 ಕಿಲೋವ್ಯಾಟ್ ಹಿಡಿದರೂ 30 ಕಿಲೋವ್ಯಾಟ್ ಆಯಿತು. ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ಬರೆದಿರುತ್ತದೆ, ನೋಡಿ. ಅದು ಐದೋ ಆರೋ ಇದ್ದರೆ ಲೋಡ್ ಹೆಚ್ಚಿಸಬೇಕು. ಇಲ್ಲಿ ಒಂದು ಗಂಟು ಇದೆ. ಕಟ್ಟಡವನ್ನು ಮಂಜೂರಾದ ನಕ್ಷೆಯಂತೆ ಕಟ್ಟಿದೆ, ಬಳಸಬಹುದು ಎಂದು ಕೊಡುವ ಸ್ವಾಧೀನಾನುಭವ ಪತ್ರ, ಅಂದರೆ ಒಸಿ, ನೋಡಿಯೇ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಹೇಳಿದೆ. ಅದಾದ ಮೇಲೆ ಒಸಿ ಇಲ್ಲದ ಕಟ್ಟಡಗಳಿಗೆ ಹೊಸ ಸಂಪರ್ಕ ಸಿಗುವುದು ಕಷ್ಟವಾಗಿದೆ. ಊರೊಳಗಿನ ಹಳೆಯ ಶೆಡ್ಡುಗಳಲ್ಲಿ ಒಸಿ ಇಲ್ಲದವೇ ಹೆಚ್ಚು. ಮೂರು ಫೇಸ್ ಸಂಪರ್ಕ, ಬೇಕಾದಷ್ಟು ಲೋಡ್ ಈಗಾಗಲೇ ಇರುವ ಕಟ್ಟಡಕ್ಕೆ ಎರಡು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಚಾರ್ಜಿಂಗ್ ಜಾಗ ಮಾತ್ರ ಮಾಲಿನಿಂದ ದೂರ, ಹೊರಬಾಗಿಲಿಗೆ ಅಡ್ಡವಾಗದಂತೆ ಇರಲಿ. ಬ್ಯಾಟರಿಗೆ ಬಿದ್ದ ಬೆಂಕಿ ರಟ್ಟಿಗೆ ಹತ್ತಿದರೆ ಒಳಗಿದ್ದವರಿಗೆ ಓಡಲು ಹೊತ್ತು ಸಿಗುವುದಿಲ್ಲ.

ಕಾಗದ ಪತ್ರ

ಮಾಲೀಕರು ತೋರಿಸುವ ಮೊದಲ ಕಾಗದ ಖಾತಾ. ಅದು ತೆರಿಗೆ ಕಟ್ಟಲು ಯಾರ ಹೆಸರು ದಾಖಲಾಗಿದೆ ಎಂದು ಹೇಳುತ್ತದೆ, ಅಷ್ಟೇ. ಒಡೆತನಕ್ಕೆ ಕ್ರಯಪತ್ರವನ್ನೋ ವಿಭಾಗ ಪತ್ರವನ್ನೋ ನೋಡಬೇಕು. ಸ್ವತ್ತಿನ ಮೇಲೆ ನೋಂದಣಿಯಾದ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ನೀವೇ ತೆಗೆಯಬಹುದು. ಅಣ್ಣತಮ್ಮಂದಿರ ಜಂಟಿ ಸ್ವತ್ತಾಗಿದ್ದರೆ ಎಲ್ಲರ ಸಹಿ ಇರಲಿ. ಬಾಡಿಗೆ ತೆಗೆದುಕೊಳ್ಳುವ ಅಣ್ಣ ಒಬ್ಬ, ಬಂದು ಬೀಗ ಹಾಕುವ ತಮ್ಮ ಇನ್ನೊಬ್ಬ ಎಂಬ ಪರಿಸ್ಥಿತಿ ಬರಬಾರದು.

ಕಟ್ಟಡ ಬ್ಯಾಂಕಿಗೆ ಅಡವಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ಕೇಳಲೇಬೇಕು. ಅಡವಿಟ್ಟವರು ಆಮೇಲೆ ಕಟ್ಟಡವನ್ನು ಗುತ್ತಿಗೆಗೆ ಕೊಡಬಹುದಾದರೂ, ಅಡಮಾನ ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ, ಮೂರು ವರ್ಷಕ್ಕಿಂತ ಹೆಚ್ಚಿಗೆ ಕೊಡುವಂತಿಲ್ಲ ಎಂದು ಸ್ವತ್ತು ವರ್ಗಾವಣೆ ಕಾಯಿದೆಯ 65ಎ ಸೆಕ್ಷನ್ ಹೇಳುತ್ತದೆ. ಬ್ಯಾಂಕುಗಳ ಅಡಮಾನ ಪತ್ರದಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಬಿಗಿಯಾದ ಷರತ್ತು ಇರುತ್ತದೆ. ಸಾಲ ಕಟ್ಟದೆ ಬ್ಯಾಂಕ್ ಸ್ವಾಧೀನಕ್ಕೆ ಬಂದರೆ ನಿಮ್ಮ ಐದು ವರ್ಷದ ಕರಾರು ಕೈಕೊಡಬಹುದು. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಕೆಐಎಡಿಬಿ, ಅಂದರೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಹಂಚಿದ ನಿವೇಶನವಾಗಿದ್ದರೆ ಇನ್ನೊಂದು ಪ್ರಶ್ನೆ: ಅದನ್ನು ಮತ್ತೊಬ್ಬರಿಗೆ ಬಾಡಿಗೆಗೆ ಕೊಡಲು ಮಂಡಳಿಯ ಅನುಮತಿ ಇದೆಯೇ?

ವಲಯದ ವಿಷಯ. ಬೆಂಗಳೂರಿನ ಜಾಗ ಯಾವ ಬಳಕೆಗೆ ಎಂಬುದನ್ನು 2007ರಲ್ಲಿ ಅಧಿಸೂಚನೆಯಾದ ಪರಿಷ್ಕೃತ ಮಾಸ್ಟರ್ ಪ್ಲಾನ್ 2015 ಹೇಳುತ್ತದೆ. ವಸತಿ ವಲಯದ ಒಳರಸ್ತೆಯಲ್ಲಿ ಗೋಡೌನ್ ಇದ್ದರೆ ಟ್ರೇಡ್ ಲೈಸೆನ್ಸ್ ಸಿಗದಿರಬಹುದು, ಸಿಕ್ಕರೂ ನೆರೆಯವರ ದೂರಿನ ಮೇಲೆ ರದ್ದಾಗಬಹುದು. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಜಾಗದಲ್ಲಿ ಐದು ನಗರಪಾಲಿಕೆಗಳು ಬಂದಿವೆ. ನಿಮ್ಮ ಜಾಗ ಯಾವುದಕ್ಕೆ ಸೇರಿದೆ ಎಂದು ತಿಳಿದುಕೊಂಡು ಅಲ್ಲಿಯೇ ವಿಚಾರಿಸಿ.

ನೆರೆಯವರು ಎಂದೆ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಶಬ್ದ 45 ಡೆಸಿಬೆಲ್ ಮೀರಬಾರದೆಂದು 2000ದ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ಶಟರ್ ಒಂದನ್ನು ಎಳೆದರೇ ಅದು ಮೀರುತ್ತದೆ. ನಮ್ಮ ಮೊದಲ ಗೋಡೌನಿನ ಎದುರುಮನೆಯ ಅಜ್ಜಿ ಒಂದು ಬೆಳಿಗ್ಗೆ ಸ್ವೆಟರ್ ಹೊದ್ದುಕೊಂಡು ಬಂದು ನಿಂತರು. ‘ನೋಡಪ್ಪ, ಮೊಮ್ಮಗಳಿಗೆ ಪಿಯುಸಿ ಪರೀಕ್ಷೆ. ರಾತ್ರಿ ಒಂದರ ತನಕ ಓದಿ ಮಲಗಿರ‍್ತಾಳೆ. ನಾಲ್ಕೂವರೆಗೇ ನೀವು ಧಡಾರ್ ಅಂತ ಎಳೀತೀರ.’ ಅವರ ಮಾತಿನಲ್ಲಿ ತಪ್ಪೇನಿತ್ತು? ಶಟರಿಗೆ ಗ್ರೀಸ್ ಹಾಕಿಸಿ, ಕೆಳಗೆ ರಬ್ಬರ್ ಪಟ್ಟಿ ಕೂರಿಸಿ, ಗಾಡಿಯನ್ನು ಆರಕ್ಕೆ ಬರುವಂತೆ ಮಾಡಿದೆವು. ಒಂದೂವರೆ ಗಂಟೆ ಹೋಯಿತು. ಮುಂದಿನ ಗೋಡೌನನ್ನು ವಾಣಿಜ್ಯ ರಸ್ತೆಯಲ್ಲೇ ಹುಡುಕಿದೆವು.

ಹನ್ನೊಂದು ತಿಂಗಳ ಕರಾರು

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆ ಕರಾರನ್ನು ಕಡ್ಡಾಯವಾಗಿ ನೋಂದಣಿ ಮಾಡಿಸಬೇಕು ಎಂದು 1908ರ ನೋಂದಣಿ ಕಾಯಿದೆಯ 17ನೇ ಸೆಕ್ಷನ್ ಹೇಳುತ್ತದೆ. ನೋಂದಣಿ ಎಂದರೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಓಡಾಟ. ಅದನ್ನು ತಪ್ಪಿಸಲು ಹುಟ್ಟಿದ್ದೇ ಹನ್ನೊಂದು ತಿಂಗಳ ಅಗ್ರಿಮೆಂಟ್. ಮನೆಗೆ ಅದು ನಡೆಯುತ್ತದೆ. ರ‍್ಯಾಕು, ಸಿಸಿ ಕ್ಯಾಮೆರಾ, ವೈರಿಂಗ್ ಎಂದು ಆರೇಳು ಲಕ್ಷ ಸುರಿಯುವ ಗೋಡೌನಿಗೆ ನಡೆಯುವುದಿಲ್ಲ.

ಏಕೆಂದರೆ ಹನ್ನೊಂದು ತಿಂಗಳು ಮುಗಿದ ಮೇಲೆ ಮಾಲೀಕರು ಬಾಡಿಗೆ ತೆಗೆದುಕೊಳ್ಳುತ್ತ ಹೋದರೆ ನೀವು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆದಾರರಾಗುತ್ತೀರಿ. ಅಂಥ ಬಾಡಿಗೆಯನ್ನು, ಬೇರೆ ಕರಾರಿಲ್ಲದಿದ್ದರೆ, ಹದಿನೈದು ದಿನದ ನೋಟಿಸಿನಲ್ಲಿ ಮುಗಿಸಬಹುದು ಎನ್ನುತ್ತದೆ ಸ್ವತ್ತು ವರ್ಗಾವಣೆ ಕಾಯಿದೆಯ 106ನೇ ಸೆಕ್ಷನ್. ಉತ್ಪಾದನೆಗೆ ಬಳಸುವ ಜಾಗಕ್ಕಾದರೆ ಆರು ತಿಂಗಳ ನೋಟಿಸ್ ಬೇಕು. ಗೋಡೌನಿನಲ್ಲಿ ನಾವು ಏನನ್ನೂ ತಯಾರಿಸುವುದಿಲ್ಲ, ಇಟ್ಟು ಕಳಿಸುತ್ತೇವೆ. ಹಾಗಾಗಿ ನಮಗೆ ಹದಿನೈದೇ ದಿನ.

‘ಐದು ವರ್ಷಕ್ಕೆ ಅಗ್ರಿಮೆಂಟ್ ಮಾಡ್ಕೊಡ್ತೀನಿ ಸಾರ್, ರಿಜಿಸ್ಟರ್ ಯಾಕೆ, ನಂಬಿಕೆ ಮೇಲೆ ತಾನೆ ನಡೆಯೋದು’ ಎಂದು ಒಬ್ಬ ಮಾಲೀಕರು ನನಗೆ ಹೇಳಿದ್ದರು. ನಾನೂ ಒಪ್ಪಿದೆ. ಸ್ಟಾಂಪ್ ಪೇಪರಿನಲ್ಲಿ ಮೂರು ವರ್ಷ ಇಬ್ಬರೂ ಕರಾರು ಮುರಿಯುವಂತಿಲ್ಲ ಎಂಬ ಲಾಕ್-ಇನ್, ವರ್ಷಕ್ಕೆ ಶೇಕಡಾ 5ರ ಏರಿಕೆ, ಎಲ್ಲವನ್ನೂ ಅಂದವಾಗಿ ಟೈಪ್ ಮಾಡಿಸಿ ನೋಟರಿ ಮಾಡಿಸಿದೆವು. ಹದಿನಾಲ್ಕನೇ ತಿಂಗಳಿಗೆ ಅವರಿಗೆ ಬೇರೆಯವರು ಹೆಚ್ಚು ಬಾಡಿಗೆ ಕೊಡಲು ಬಂದರು, ನಮಗೆ ನೋಟಿಸ್ ಬಂತು. ವಕೀಲರ ಮುಂದೆ ಆ ಕಾಗದ ಇಟ್ಟಾಗ ಅವರು ಕೊನೆಯ ಪುಟ ತಿರುಗಿಸಿ, ನೋಂದಣಿಯ ಮೊಹರಿಗಾಗಿ ಹುಡುಕಿ, ಕಾಗದವನ್ನು ಮಡಚಿ ನನ್ನ ಕಡೆಗೇ ಸರಿಸಿದರು. ನೋಂದಣಿಯಾಗಬೇಕಿದ್ದು ಆಗದ ಕರಾರನ್ನು ಅದರ ಷರತ್ತುಗಳಿಗೆ ಸಾಕ್ಷಿಯಾಗಿ ಕೋರ್ಟ್ ಸ್ವೀಕರಿಸುವುದಿಲ್ಲ, ಅದು ನೋಂದಣಿ ಕಾಯಿದೆಯ 49ನೇ ಸೆಕ್ಷನ್. ಜಾಗ ನನ್ನ ಸ್ವಾಧೀನದಲ್ಲಿತ್ತು ಎಂಬಂಥ ಪೂರಕ ಸಂಗತಿಗೆ ಮಾತ್ರ ಅದು ಪ್ರಯೋಜನಕ್ಕೆ ಬರುತ್ತದೆ. ಅದಕ್ಕೂ ಮೊದಲು ಕಡಿಮೆ ಕಟ್ಟಿದ ಮುದ್ರಾಂಕ ಶುಲ್ಕ ತುಂಬಬೇಕು, ಕರ್ನಾಟಕ ಸ್ಟಾಂಪ್ ಕಾಯಿದೆಯ 34ನೇ ಸೆಕ್ಷನ್ ಪ್ರಕಾರ ಕೊರತೆಯ ಹತ್ತು ಪಟ್ಟು ದಂಡದ ಜೊತೆಗೆ. ನಾವು ನಂಬಿ ಕೂತ ಲಾಕ್-ಇನ್ ಅಲ್ಲಿಗೆ ಮುಗಿಯಿತು. ಮೂರು ವಾರದಲ್ಲಿ ಬೇರೆ ಜಾಗ ಹುಡುಕಿದೆವು. ರ‍್ಯಾಕ್ ಬಿಚ್ಚಿ ಸಾಗಿಸಿದ ಆ ದಿನಗಳಲ್ಲಿ ದೂರು ಹೇಳಿದ ಗಿರಾಕಿಗಳ ಫೋನ್ ಎತ್ತಿದ್ದು ನಮ್ಮ ಹುಡುಗರು. ಅವರು ಕೇಳಿಸಿಕೊಂಡ ಬೈಗುಳ ನನಗೆ ಇಂದಿಗೂ ನೋವು ಕೊಡುತ್ತದೆ.

ನೋಂದಣಿಯ ಖರ್ಚನ್ನು ಇಬ್ಬರೂ ಅರ್ಧರ್ಧ ಹಂಚಿಕೊಳ್ಳುವುದು ವಾಡಿಕೆ. ಮಾಲೀಕರು ಒಪ್ಪದಿದ್ದರೆ ಪೂರ್ತಿ ನೀವೇ ಕಟ್ಟಿ.

ಕರಾರಿನ ಒಳಗೆ

ಲಾಕ್-ಇನ್ ಎಂದರೆ ಇಷ್ಟು ತಿಂಗಳು ಬಿಟ್ಟುಹೋಗುವಂತಿಲ್ಲ ಎಂಬ ಷರತ್ತು. ಮಾಲೀಕರ ವಕೀಲರು ಬರೆದ ಕರಡಿನಲ್ಲಿ ಸಾಮಾನ್ಯವಾಗಿ ಇದು ಬಾಡಿಗೆದಾರರನ್ನು ಮಾತ್ರ ಕಟ್ಟುತ್ತದೆ. ಇಬ್ಬರಿಗೂ ಅನ್ವಯಿಸುವಂತೆ ಬರೆಸಿ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕೊರಿಯರ್ ಕಂಪನಿಯ ಫ್ರಾಂಚೈಸಿ ತೆಗೆದುಕೊಂಡವರ ಒಪ್ಪಂದ ತೆಗೆದು ಓದಿ. ಕಂಪನಿ 30 ದಿನದ ನೋಟಿಸಿನಲ್ಲಿ ನಿಮ್ಮನ್ನು ಕೈಬಿಡಬಹುದು ಎಂದಿದ್ದು, ಗೋಡೌನಿನ ಲಾಕ್-ಇನ್ ಮೂರು ವರ್ಷ ಎಂದಿದ್ದರೆ, ಕೆಲಸ ನಿಂತ ಮೇಲೂ ಖಾಲಿ ಶೆಡ್ಡಿಗೆ ಬಾಡಿಗೆ ಕಟ್ಟುತ್ತಿರಬೇಕು. ಈ ಎರಡು ಅವಧಿಗಳನ್ನು ಹತ್ತಿರ ತರುವುದೇ ನನ್ನ ಮಟ್ಟಿಗೆ ಇಡೀ ಮಾತುಕತೆಯ ತಿರುಳು. ಮೂರು ವರ್ಷದ ಬದಲು ಒಂದು ವರ್ಷದ ಲಾಕ್-ಇನ್ ಸಿಗುವುದಾದರೆ ಚದರಡಿಗೆ ಒಂದು ರೂಪಾಯಿ ಹೆಚ್ಚು ಕೊಡಲು ನಾನು ಸಿದ್ಧ.

ಬೆಂಗಳೂರಿನಲ್ಲಿ ಅಡ್ವಾನ್ಸ್ ಆರರಿಂದ ಹತ್ತು ತಿಂಗಳ ಬಾಡಿಗೆಯಷ್ಟು. ಬಡ್ಡಿ ಇಲ್ಲ. ಬಿಟ್ಟ ದಿನವೇ ವಾಪಸ್ ಕೊಡಬೇಕು, ತಡವಾದರೆ ದಿನಕ್ಕಿಷ್ಟು ಬಡ್ಡಿ, ಕೊಡುವ ತನಕ ಬೀಗದ ಕೈ ನಿಮ್ಮಲ್ಲೇ, ಆ ದಿನಗಳಿಗೆ ಬಾಡಿಗೆ ಇಲ್ಲ ಎಂದು ಬರೆಸಿ. ಜಾಗ ಕೈಗೆ ಬಂದ ಮೇಲೆ ರ‍್ಯಾಕ್ ಕೂರಿಸಲು ಹದಿನೈದು ದಿನವೋ ಒಂದು ತಿಂಗಳೋ ಬಾಡಿಗೆರಹಿತ ಅವಧಿ ಕೇಳುವುದು ವಾಡಿಕೆಯಲ್ಲಿದೆ, ನಾಚಿಕೆಪಡಬೇಡಿ. ಬಾಡಿಗೆ ಯಾವ ವಿಸ್ತೀರ್ಣಕ್ಕೆ ಎಂಬುದನ್ನೂ ಕರಾರಿನಲ್ಲಿ ಹೇಳಿರಬೇಕು. ಮೆಟ್ಟಿಲು, ಗೋಡೆಯ ದಪ್ಪ, ಹೊರಗಿನ ತಗಡಿನ ಚಪ್ಪರ ಎಲ್ಲ ಸೇರಿಸಿ 3,000 ಎಂದು ಹೇಳಿದ ಜಾಗದಲ್ಲಿ ಮಾಲು ಇಡಲು 2,400 ಮಾತ್ರ ಸಿಕ್ಕ ಉದಾಹರಣೆ ನನ್ನ ಬಳಿಯೇ ಇದೆ.

ಕರಾರಿನಲ್ಲಿ ಸಾಮಾನ್ಯವಾಗಿ ಇರದ, ಇರಲೇಬೇಕಾದ ಮಾತುಗಳು ಆ ಬೆಳಗಿನ ನಾಲ್ಕು ಗಂಟೆಗೆ ಸೇರಿದವು. ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನ ತನಕ ಗಾಡಿ ಬರಬಹುದು, ಎಷ್ಟು ಉದ್ದದ ಗಾಡಿ. ಗೇಟಿನ ಮುಂದಿನ ಜಾಗದಲ್ಲಿ ಮಾಲೀಕರ ಕಾರಾಗಲಿ ಮೇಲಿನ ಬಾಡಿಗೆದಾರರ ಬೈಕಾಗಲಿ ನಿಲ್ಲುವಂತಿಲ್ಲ. ನಮ್ಮ ಹುಡುಗರ ಇಪ್ಪತ್ತು ಬೈಕು ನಿಲ್ಲಲು ಜಾಗ ಇದು, ಗುರುತು ಹಾಕಿದ ನಕ್ಷೆ ಲಗತ್ತಿಸಿದೆ. ಅವರಿಗೆ ಶೌಚಾಲಯ, ಕುಡಿಯುವ ನೀರು. ದಿನವಿಡೀ ಬಿಸಿಲಲ್ಲಿ ತಿರುಗಿ ಬರುವವನು ಪಕ್ಕದ ಹೋಟೆಲಿನಲ್ಲಿ ಶೌಚಾಲಯ ಬಳಸಲು ಕೇಳಿ ಬೈಸಿಕೊಳ್ಳುವಂತಾಗಬಾರದು. ನಮ್ಮ ಹುಡುಗಿಯರಿಬ್ಬರು ಈ ಕಾರಣಕ್ಕೇ ಕೆಲಸ ಬಿಟ್ಟು ಹೋದರು. ಅದು ಗೋಡೌನ್ ಆರಿಸಿದ ನನ್ನ ತಪ್ಪು.

ಲಾಕ್‌ಡೌನ್ ನಮಗೆಲ್ಲ ಒಂದು ಪಾಠ ಕಲಿಸಿತು. ಬಾಗಿಲು ಮುಚ್ಚಿದ್ದರೂ ಬಾಡಿಗೆ ಕಟ್ಟಬೇಕೇ? ಕರಾರು ಪಾಲಿಸುವುದು ಅಸಾಧ್ಯವಾದಾಗ ಅದು ತಾನಾಗಿ ಬಿದ್ದುಹೋಗುತ್ತದೆ ಎಂಬ ತತ್ವ ಗುತ್ತಿಗೆಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿತ್ತು. ಅದೇ ಜಾಡಿನಲ್ಲಿ ದೆಹಲಿ ಹೈಕೋರ್ಟ್ 2020ರ ಮೇನಲ್ಲಿ ಲಾಕ್‌ಡೌನ್ ಒಂದನ್ನೇ ಕಾರಣ ಮಾಡಿ ಬಾಡಿಗೆ ನಿಲ್ಲಿಸುವಂತಿಲ್ಲ ಎಂದಿತು. ಬೆಂಕಿಯಿಂದಲೋ ನೆರೆಯಿಂದಲೋ ಕಟ್ಟಡ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಗುತ್ತಿಗೆ ಬಿಡಬಹುದು ಎಂಬ ರಕ್ಷಣೆ ಸ್ವತ್ತು ವರ್ಗಾವಣೆ ಕಾಯಿದೆಯ 108ನೇ ಸೆಕ್ಷನ್ನಿನಲ್ಲಿದೆ. ಹತ್ತು ದಿನ ನೀರು ನಿಂತು ಹೋದದ್ದಕ್ಕೆ, ಸರ್ಕಾರಿ ಆದೇಶದಿಂದ ಬೀಗ ಬಿದ್ದದ್ದಕ್ಕೆ ಅದು ನೆರವಾಗದು. ಅಂಥ ದಿನಗಳಿಗೆ ಬಾಡಿಗೆ ಇಲ್ಲ ಎಂಬ ಸಾಲು ಕರಾರಿನಲ್ಲೇ ಇರಬೇಕು. ಪಾಲಿಕೆ ವಲಯದ ಕಾರಣಕ್ಕೆ ಮುಚ್ಚಿಸಿದರೆ ಲಾಕ್-ಇನ್ ಅನ್ವಯಿಸದೆ ಹೊರಬರಬಹುದು ಎಂಬುದನ್ನೂ ಸೇರಿಸಿ.

ತೆರಿಗೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ನಿಮ್ಮ ಆಡಿಟರ್ ಹೇಗೂ ಹೇಳುತ್ತಾರೆ. ಬಾಡಿಗೆಯ ಮೇಲೆ ಜಿಎಸ್‌ಟಿ ಶೇಕಡಾ 18. ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲ, ನಿಮಗೆ ಸಾಮಾನ್ಯ ನೋಂದಣಿ ಇದೆ ಎಂದಾದರೆ 2024ರ ಅಕ್ಟೋಬರ್ 10ರಿಂದ ಆ ತೆರಿಗೆಯನ್ನು ನೀವೇ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು. ಆಮೇಲೆ ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಂಡು, ಪಡೆಯಬಹುದು. ಆದರೂ ಮೊದಲ ತಿಂಗಳು ಕೈಯಿಂದ ಹೋಗುವ ದುಡ್ಡು ಅದು. ಬಾಡಿಗೆ ತಿಂಗಳಿಗೆ 50,000 ದಾಟಿದರೆ ಕಂಪನಿಯಾಗಲಿ ಪಾಲುದಾರಿಕೆ ಸಂಸ್ಥೆಯಾಗಲಿ ಶೇಕಡಾ 10 ಟಿಡಿಎಸ್, ಅಂದರೆ ಮಾಲೀಕರ ಆದಾಯ ತೆರಿಗೆಯ ಲೆಕ್ಕಕ್ಕೆ ಬಾಡಿಗೆಯಲ್ಲೇ ಮುರಿದುಕೊಂಡು ಕಟ್ಟುವ ಹಣ, ಹಿಡಿಯಬೇಕು. ಇದನ್ನು ಮಾಲೀಕರಿಗೆ ಮೊದಲ ದಿನವೇ ಹೇಳಿ, ಇಲ್ಲವಾದರೆ ಮೊದಲ ತಿಂಗಳೇ ಬಾಡಿಗೆ ಕಡಿಮೆ ಬಂತೆಂದು ಜಗಳ. ಗೋಡೌನನ್ನು ಜಿಎಸ್‌ಟಿ ನೋಂದಣಿಯಲ್ಲಿ ವ್ಯವಹಾರದ ಹೆಚ್ಚುವರಿ ಸ್ಥಳವಾಗಿ ಸೇರಿಸಬೇಕು. ಅದಕ್ಕೆ ಬಾಡಿಗೆ ಕರಾರು, ವಿದ್ಯುತ್ ಬಿಲ್, ಮಾಲೀಕರ ಒಪ್ಪಿಗೆ ಬೇಕು. ತಿನ್ನುವ ಪದಾರ್ಥ ಇಡುವುದಾದರೆ ಆ ವಿಳಾಸಕ್ಕೇ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಬೇಕು.

ಒಬ್ಬರೇ ಒಡೆಯರಾದ ಸಂಸ್ಥೆಯಾಗಿ ಶುರುಮಾಡಿ ಮುಂದೆ ಪ್ರೈವೇಟ್ ಲಿಮಿಟೆಡ್ ಮಾಡುವ ಯೋಚನೆ ಇದ್ದರೆ ಅದೂ ಕರಾರಿನಲ್ಲಿ ಇರಲಿ. ಇಲ್ಲದಿದ್ದರೆ ಹೆಸರು ಬದಲಾದದ್ದನ್ನೇ ಒಳಬಾಡಿಗೆ ಎಂದು ವಾದಿಸಿ ಖಾಲಿ ಮಾಡಿಸಲು ದಾರಿಯಾಗುತ್ತದೆ.

ಬೀಗದ ಕೈ ಪಡೆಯುವ ದಿನ ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ. ಮಾಲೀಕರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನೆಲದ ಬಿರುಕು, ಛಾವಣಿಯ ತೂತು, ಶಟರಿನ ತಳ, ಮೀಟರಿನ ಅಂಕಿ, ಎಲ್ಲದರ ಫೋಟೊ ತೆಗೆದು ವಾಟ್ಸಾಪಿನಲ್ಲಿ ಅಲ್ಲೇ ಕಳಿಸಿ, ಸರಿ ಎಂದು ಉತ್ತರ ಪಡೆಯಿರಿ. ನೀವು ಕೂರಿಸಿದ್ದನ್ನು ಬಿಚ್ಚಿಕೊಂಡು ಹೋಗುವ ಹಕ್ಕು ಕಾನೂನಿನಲ್ಲಿದೆ, ಜಾಗವನ್ನು ಬಂದಾಗ ಇದ್ದ ಸ್ಥಿತಿಯಲ್ಲಿ ಬಿಡಬೇಕು ಎಂಬ ಷರತ್ತಿನೊಂದಿಗೆ. ರ‍್ಯಾಕಿನ ಕಾಲುಗಳಿಗೆ ನೆಲದಲ್ಲಿ ಕೊರೆದ ಪ್ರತಿ ತೂತಿಗೂ ಬಿಡುವ ದಿನ ಸಿಮೆಂಟ್ ತುಂಬಬೇಕಾಗುತ್ತದೆ. ನಮ್ಮ ಮೇಸ್ತ್ರಿ ಕೊರೆಯುವ ದಿನವೇ ತೂತುಗಳನ್ನು ಎಣಿಸಿ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡುತ್ತಾನೆ.